ಕಾಳಿಂಗನ ಬೊಟ್ಟು

ನಮ್ಮೂರಿನ ಗಾಳಿ ಮಾತನ್ನು ಹೊರುತ್ತದೆ, ರಾಗವನ್ನು ಹೊರುವುದಿಲ್ಲ. ಬಾಯಿಂದ ಹೊರಟ ಅಕ್ಷರಗಳು ಎದುರಿನವರ ಕಿವಿಗೆ ಒಣಗಿದ ಹುರುಳಿಕಾಳಿನ ಹಾಗೆ ಬಂದು ಬೀಳುತ್ತವೆ, ಅಷ್ಟೆ. ಗದರಿದ್ದೋ ಬೇಡಿದ್ದೋ ಅಳುತ್ತಾ ಅಂದದ್ದೋ, ಕಿವಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕೊರಳಲ್ಲಿ ಸೀಸದ ಗುರುತುಗಳನ್ನು ಕಟ್ಟಿಕೊಂಡಿರುತ್ತೇವೆ. ಆಡಿದ ಮೇಲೆ ತಕ್ಕ ಗುರುತನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸುತ್ತೇವೆ. ಮಾತು ಮುಗಿಯಿತು ಅನ್ನುವುದಕ್ಕೆ ಬೊಟ್ಟು. ಇನ್ನೂ ಇದೆ, ತಡಿ ಅನ್ನುವುದಕ್ಕೆ ಬಾಲ. ಕೇಳುತ್ತಿದ್ದೇನೆ, ಉತ್ತರ ಕೊಡು ಅನ್ನುವುದಕ್ಕೆ ಕೊಕ್ಕೆ. ಆಜ್ಞೆಗೆ ಗೂಟ. ಪುಸ್ತಕಗಳಲ್ಲಿ ಇವಕ್ಕೆ ಉದ್ದುದ್ದ ಹೆಸರುಗಳಿವೆ. ನಮ್ಮ ಬಾಯಲ್ಲಿ ಇಷ್ಟೇ.

ನಮ್ಮದು ಕೆಳಗೇರಿ. ನಮಗೆ ಬೊಟ್ಟು ಮತ್ತು ಬಾಲ ಮಾತ್ರ. ಮಗು ಹುಟ್ಟಿದ ಒಂಬತ್ತನೇ ದಿನ ಬೊಟ್ಟು ಕಟ್ಟುತ್ತಾರೆ, ಬೆಳೆದು ದುಡಿಮೆಗೆ ಬಿದ್ದ ದಿನ ಬಾಲ. ಕೊಕ್ಕೆ ಮೇಲ್ಪೇಟೆಯವರದ್ದು, ಗೂಟ ಕಚೇರಿಯದ್ದು. ಹೀಗೆ ಹಂಚಿದವರು ಯಾರು ಎಂದು ಕೇಳುವುದಕ್ಕೆ ಕೊಕ್ಕೆ ಬೇಕು. ಅದು ನಮ್ಮಲ್ಲಿಲ್ಲ.

ಎಲ್ಲಿ, ಯಾಕೆ, ಯಾವಾಗ ಅನ್ನುವ ಮಾತುಗಳು ನಮಗೂ ಬರುತ್ತವೆ. ಅವುಗಳಲ್ಲೇ ಕೇಳಿಕೆ ಇದೆಯಲ್ಲ ಎಂದು ಹೊರಗಿನವರು ಅನ್ನಬಹುದು. ಕಚೇರಿ ಹಾಗನ್ನುವುದಿಲ್ಲ. ಕೊಕ್ಕೆಯಿಲ್ಲದ ಕೇಳಿಕೆ ಅವರಿಗೆ ಬರಿಯ ಸಮಾಚಾರ. ಕೊಕ್ಕೆ ಎತ್ತಿ ಕೇಳಿದ್ದಕ್ಕೆ ಮಾತ್ರ ಹೊತ್ತು ಮುಳುಗುವುದರೊಳಗೆ ನಿಜವಾದ ಉತ್ತರ ಕೊಡಲೇಬೇಕು, ಉತ್ತರ ಕೊಡುವ ತನಕ ಎತ್ತಿದವರ ಕೈಯಿಂದ ಕೊಕ್ಕೆಯನ್ನು ಯಾರೂ ಕಿತ್ತುಕೊಳ್ಳಬಾರದು. ಇದು ಕಚೇರಿಯ ಕಂಬದ ಮೇಲೆ ಕೆತ್ತಿರುವ ಕಾನೂನು. ಕೊಕ್ಕೆಗೆ ಇಷ್ಟೊಂದು ಕಾವಲು ಯಾಕೆ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಕೇರಿಯೊಳಗೆ ನಾವು ತೋರುಬೆರಳನ್ನು ಬಾಗಿಸಿ ಕೇಳುತ್ತೇವೆ. ಉಂಡ್ಯಾ ಅಂದು ಬೆರಳು ಬಾಗಿಸುತ್ತೇವೆ, ಜ್ವರ ಬಿಡ್ತಾ ಅಂದು ಬಾಗಿಸುತ್ತೇವೆ. ಕಚೇರಿಯಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಎರಡೂ ಕೈ ಮರದ ಕಟಕಟೆಯ ಮೇಲೆ ಚಾಚಿ ಇಟ್ಟಿರಬೇಕು. ನಮ್ಮಪ್ಪ ಒಮ್ಮೆ ಅಲ್ಲಿ ಮರೆತು ಬೆರಳು ಬಾಗಿಸಿದ್ದ. ಜವಾನ ರೂಲುದೊಣ್ಣೆಯಿಂದ ಹೊಡೆದ ಏಟಿಗೆ ಗೆಣ್ಣು ಮುರಿದು ಆ ಬೆರಳು ನೆಟ್ಟಗೇ ನಿಂತುಬಿಟ್ಟಿತು. ಆಮೇಲೆ ಬದುಕಿದ್ದ ಹದಿನಾಲ್ಕು ವರ್ಷ ಅಪ್ಪ ಯಾರನ್ನೂ ಏನನ್ನೂ ಕೇಳಲಿಲ್ಲ.

ನಾನು ರಾಚಯ್ಯ. ಇಪ್ಪತ್ತೆರಡು ವರ್ಷ ಮೊಳೆಮನೆಯಲ್ಲಿ ಗುರುತುಗಳನ್ನು ಎರಕ ಹೊಯ್ದವನು. ಊರಿನ ಕೊಕ್ಕೆಗಳೆಲ್ಲ ನನ್ನ ಕೈಯಿಂದಲೇ ಹೋದವು. ಮೇಲ್ಪೇಟೆಯ ಮಕ್ಕಳಿಗೆ ಶಾಲೆಗೆ ಸೇರುವ ದಿನ ಕೊಡುವ ಪುಟ್ಟ ಕೊಕ್ಕೆ, ಹುಣಸೆಬೀಜದಷ್ಟೇ ಸೀಸ ಹಿಡಿಯುವಂಥದ್ದು, ಅದರ ಅಂಚನ್ನು ಉಜ್ಜಿ ನುಣ್ಣಗೆ ಮಾಡುತ್ತಿದ್ದವನೂ ನಾನೇ, ಮಗುವಿನ ಬೆರಳಿಗೆ ಚುಚ್ಚಬಾರದು ಅಂತ. ಸಂಜೆ ಬಾಗಿಲಲ್ಲಿ ನಮ್ಮ ಜೇಬು, ಸೊಂಟ, ತಲೆಗೂದಲು ತಡವಿ ಹೊರಗೆ ಬಿಡುತ್ತಿದ್ದರು.

ಊರಿನಲ್ಲಿ ಯಾರಾದರೂ ಸತ್ತರೆ ಅವರ ಬೊಟ್ಟು ಮೊಳೆಮನೆಗೆ ವಾಪಸು ಬರುತ್ತದೆ. ಶನಿವಾರ ಹಿತ್ತಾಳೆ ತಟ್ಟೆಯಲ್ಲಿ, ಬಟ್ಟೆ ಮುಚ್ಚಿ, ಹೆಸರಿನ ಚೀಟಿಯ ಜೊತೆ. ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತಾರೆ. ಬರೆದ ಮೇಲೆಯೇ ಅವನು ಸತ್ತ ಹಾಗೆ, ಮಣ್ಣು ಮಾಡಲು ಅಪ್ಪಣೆ ಸಿಗುವುದೂ ಆಮೇಲೆಯೇ. ನಾನು ಬೊಟ್ಟನ್ನು ಕಣ್ಣಿಗೊತ್ತಿಕೊಂಡು, ಸೀಸ ಕರಗಿಸುವ ಮೂಸೆಗೆ ಹಾಕುತ್ತಿದ್ದೆ. ಮುಂದಿನ ಕೂಸಿಗೆ ಅದೇ ಸೀಸ.

ನನ್ನ ಅಕ್ಕ ದೊಡ್ಡತಾಯಿ. ಅವಳಿಗೆ ಒಬ್ಬನೇ ಮಗ, ಕಾಳಿಂಗ. ಅವನ ಬೊಟ್ಟು ಎರಕ ಹೊಯ್ದವನು ನಾನು. ಹಲ್ಲು ಬರುವಾಗ ಅವನು ಅದನ್ನು ಕಚ್ಚಿ ಕಚ್ಚಿ ಎರಡು ತಗ್ಗು ಮಾಡಿದ್ದ. "ಮೆತ್ತಗಿರೋ ಸೀಸ ಹಾಕ್ದ್ಯಲ್ಲೋ ರಾಚ, ನನ್ನ ಮಗ ತಿಂದೇಬುಡ್ತಾನೆ" ಎಂದು ಅಕ್ಕ ನನ್ನನ್ನು ಬಯ್ದಿದ್ದಳು. ಅವನು ಆಡಲು ಹೋದಾಗ ಬಾಗಿಲಲ್ಲಿ ನಿಂತು "ಬಾ" ಅಂದು ಬಾಲ ತೋರುತ್ತಿದ್ದಳು. ಬಾ ಅಂದು ಬೊಟ್ಟು ತೋರಿದರೆ ಬರಬೇಕು, ಅಷ್ಟೆ. ಬಾ ಅಂದು ಬಾಲ ತೋರಿದರೆ ಬೆಲ್ಲವೋ ಬೈಗುಳವೋ ಇನ್ನೂ ಏನೋ ಬಾಗಿಲಲ್ಲಿ ಕಾದಿದೆ ಅಂತ ಅರ್ಥ. ಕಾಳಿಂಗ ಬಾಲ ಕಂಡರೆ ಓಡಿ ಬರುತ್ತಿದ್ದ.

ದೊಡ್ಡವನಾದ ಮೇಲೆ ನಮ್ಮ ಓದಿನ ಕೂಟಕ್ಕೂ ಬಂದ. ಭಾನುವಾರ ಮಧ್ಯಾಹ್ನ ಮೊಳೆಮನೆಯ ಹಿಂದಿನ ಇದ್ದಿಲು ಕೊಟ್ಟಿಗೆಯಲ್ಲಿ ಹತ್ತು ಹನ್ನೆರಡು ಜನ ಕೂತು, ಹೊರಗಿನಿಂದ ಬಂದ ಹರಿದ ಪುಸ್ತಕಗಳನ್ನು ಸರದಿಯ ಮೇಲೆ ಓದುತ್ತಿದ್ದೆವು. ಒಂದು ದಿನ ಅವನು ಓದುವುದನ್ನು ನಿಲ್ಲಿಸಿ ಹೇಳಿದ.

"ಮಾವ, ಬರೀ ಬಾಯಲ್ಲೇ ಕೇಳೋ ಊರುಗಳೂ ಅವಂತೆ ನೋಡು. ಅಂಥ ಕಡೆ ನಮ್ಮಂಥೋರು ಇರಕಿಲ್ಲ ಅನ್ಸುತ್ತೆ."

"ಇರ್ತಾರೆ ಕಣ್ಲಾ. ಅವ್ರ್ ಕೇಳಿದ್ದು ಕೇಳಿಸ್ದಂಗೆ ಮಾಡಕ್ಕೆ ಅಲ್ಲಿ ಬೇರೆ ಏನೋ ಮಾಡಿರ್ತಾರೆ" ಅಂದೆ.

"ನಿಂಗೆ ಸೀಸ ಕುಡ್ದು ಕುಡ್ದು ಹೊಟ್ಟೇಲೂ ಬರೀ ಬೊಟ್ಟೇ ಕಣ್ ಮಾವ" ಎಂದು ನಕ್ಕ. ಕೊಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು.

ಅದಾಗಿ ಎರಡು ವಾರಕ್ಕೆ ಮೇಲ್ಪೇಟೆಯ ದೊಡ್ಡ ಮೋರಿ ಕಟ್ಟಿಕೊಂಡಿತು. ಯಾವಾಗಲೂ ಇಳಿಯುತ್ತಿದ್ದ ಮುದುಕನಿಗೆ ಜ್ವರ. ಬೆಳಿಗ್ಗೆ ಪುರಸಭೆಯ ಮೇಸ್ತ್ರಿ ಅಕ್ಕನ ಮನೆಯ ಮುಂದೆ ನಿಂತು "ಇಳೀಬೇಕು" ಎಂದು ಗೂಟ ಎತ್ತಿದ. ಕಾಳಿಂಗನಿಗೆ ಆ ಕೆಲಸ ಗೊತ್ತಿರಲಿಲ್ಲ. ಗೂಟಕ್ಕೆ ಅದೆಲ್ಲ ಬೇಕಾಗಿರಲಿಲ್ಲ. ಅವನು ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕುವ ಹಾಗೆ ಮೇಸ್ತ್ರಿಯ ಕಡೆ ಕೈ ಚಾಚಿ ಕೇರಿಯವರನ್ನು ನಗಿಸಿ, ಅಂಗಿಯನ್ನು ತಾಯಿಯ ಕೈಗೆ ಕೊಟ್ಟ. "ಬತ್ತೀನಿ ಕಣವ್ವ" ಎಂದು ಬಾಲ ತೋರಿ ಹೋದ. ಬೊಟ್ಟು ತೋರಲಿಲ್ಲ. ಅಕ್ಕ ಆಮೇಲೆ ಎಲ್ಲರಿಗೂ ಅದನ್ನೇ ಹೇಳಿದಳು. ಬೊಟ್ಟು ತೋರ್ಲಿಲ್ಲ ನನ್ನ ಮಗ, ಬಾಲ ತೋರ್ಸಿ ಹೋಗವ್ನೆ.

ಸಂಜೆಗೆ ಅವನು ಬರಲಿಲ್ಲ. ಮರುದಿನ ಮೋರಿಯ ಬಾಯಿಗೆ ಹೊಸ ಕಲ್ಲುಚಪ್ಪಡಿ ಬಿದ್ದಿತ್ತು. ಮೇಲ್ಪೇಟೆಯ ನೀರು ಸರಾಗವಾಗಿ ಹರಿಯುತ್ತಿತ್ತು.

ಗುರುವಾರ ಕಚೇರಿಯಲ್ಲಿ ಅಹವಾಲು ಕೇಳುವ ದಿನ. ಅಹವಾಲು ಕೇಳುವ ಅಧಿಕಾರಿಯನ್ನು ನಾವು ಕಿವಿ ಸಾಹೇಬ ಅನ್ನುತ್ತೇವೆ. ಅಕ್ಕ ಕಟಕಟೆಯ ಮೇಲೆ ಕೈ ಚಾಚಿ ನಿಂತಳು. ಹಿಂದೆ ನಾನು ನಿಂತಿದ್ದೆ.

"ನನ್ನ ಮಗ ಎಲ್ಲವ್ನೆ ಬುದ್ಧಿ." ಒಂದು ಕೈ ತೆಗೆದು ಬೊಟ್ಟು ತೋರಿದಳು.

"ತಿಳಿಯಿತು" ಎಂದ ಕಿವಿ ಸಾಹೇಬ, ಬರೆದುಕೊಳ್ಳುತ್ತಾ. "ಕೆಳಗೇರಿಯ ದೊಡ್ಡತಾಯಿ ತನ್ನ ಮಗನ ವಿಚಾರ ತಿಳಿಸಿದ್ದಾಳೆ. ಮುಂದಿನವರು."

"ತಿಳಿಸ್ತಿಲ್ಲ ಬುದ್ಧಿ. ಕೇಳ್ತಾ ಇದೀನಿ."

"ಅದೂ ತಿಳಿಯಿತು."

ಐದು ಗುರುವಾರ ಹೀಗೇ ಆಯಿತು. ಕಿವಿ ಸಾಹೇಬ ಕೆಟ್ಟವನಲ್ಲ ಅನ್ನುವವರು ನಮ್ಮ ಕೇರಿಯಲ್ಲೂ ಇದ್ದರು. ಅವನು ಯಾರಿಗೂ ಬಯ್ಯುತ್ತಿರಲಿಲ್ಲ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಬರೆದುಕೊಳ್ಳುವ ಕೈ ಹೊಡೆಯುವ ಕೈಗಿಂತ ಒಳ್ಳೆಯದೆಂದು ಯಾರು ನಮಗೆ ಹೇಳಿಕೊಟ್ಟರೋ ಕಾಣೆ.

ಸಂಜೆಯ ಹೊತ್ತು ನಾನು ಅಕ್ಕನ ಮನೆಗೆ ಹೋಗಿ ಬರುತ್ತಿದ್ದೆ. ಅವಳು ದಿನವೂ ಎರಡು ಮುದ್ದೆ ಕಟ್ಟುತ್ತಿದ್ದಳು. ಕಾಳಿಂಗನದ್ದನ್ನು ನನ್ನ ಮುಂದೆ ಇಡುತ್ತಿದ್ದಳು. "ಉಣ್ಣು. ಆರೋಯ್ತದೆ. ಅವ್ನ್ ಬಂದ್ರೆ ಬಿಸಿದು ಕಟ್ಟಾಕ್ತೀನಿ" ಅನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ.

ಐದನೆಯ ಗುರುವಾರ ಕಳೆದು ಬಂದ ಮಂಗಳವಾರ. ಪುರಸಭೆಯಿಂದ ಗುಜರಿ ಸೀಸದ ಬುಟ್ಟಿ ಬಂದಿತ್ತು, ಮೋರಿ ಕೊಳವೆಗಳ ಹಳೆಯ ಬೆಸುಗೆ, ಒಡೆದ ತುಣುಕುಗಳು. ಆರಿಸಿ ಮೂಸೆಗೆ ಹಾಕುತ್ತಿದ್ದೆ. ಕಪ್ಪು ರಾಡಿ ಮೆತ್ತಿದ್ದ ಒಂದು ಉಂಡೆ ಕೈಗೆ ಸಿಕ್ಕಿತು. ಹೆಬ್ಬೆರಳಲ್ಲಿ ಉಜ್ಜಿದೆ. ಬೊಟ್ಟು. ಎರಡು ತಗ್ಗು. ಹಾಲುಹಲ್ಲಿನವು.

ಹಿತ್ತಾಳೆ ತಟ್ಟೆಯಿಲ್ಲ, ಬಟ್ಟೆಯಿಲ್ಲ, ಚೀಟಿಯಿಲ್ಲ. ಪುರಸಭೆಯವರಿಗೆ ಅವನು ಸಿಕ್ಕಿದ್ದ. ಕೊರಳಿನಿಂದ ಬೊಟ್ಟು ಬಿಚ್ಚಿಕೊಂಡು, ಪಟ್ಟಿಗೆ ಹೆಸರು ಹತ್ತಬಾರದೆಂದು ಗುಜರಿಗೆ ಎಸೆದಿದ್ದರು. ಮೈಯನ್ನು ಏನು ಮಾಡಿದರೋ. ಸೋದರಮಾವನ ಕೈಯಿಂದಲೇ ಕರಗಿಹೋಗಲಿ ಎಂದು ಕಳಿಸಿದ್ದರು. ಇಲ್ಲ, ಅಷ್ಟು ಕೂಡ ಯೋಚಿಸಿರಲಿಕ್ಕಿಲ್ಲ. ಮೊಳೆಮನೆಯಲ್ಲಿ ಕೆಲಸ ಮಾಡುವವನಿಗೂ ಒಂದು ಮನೆ ಇರುತ್ತದೆ ಅನ್ನುವುದು ಅವರ ತಲೆಗೆ ಹೊಳೆದಿರುವುದಿಲ್ಲ.

ಬೊಟ್ಟನ್ನು ದವಡೆಯಲ್ಲಿ ಇಟ್ಟುಕೊಂಡೆ. ಅಂದು ಸಂಜೆ ಅಕ್ಕನ ಮುಂದೆ ಕೂತು ಮುದ್ದೆ ಮುರಿದೆ. ಹೇಳಬೇಕಾಗಿದ್ದದ್ದು ಒಂದೇ ಮಾತು. ಅದಕ್ಕೆ ಬೇಕಾಗಿದ್ದ ಗುರುತೂ ಬೊಟ್ಟೇ, ಅದು ನನ್ನ ಕೊರಳಲ್ಲೇ ಇತ್ತು. ಸಾರು ಚೆನ್ನಾಗಿದೆ ಅಂದೆ.

ಆಮೇಲೆ ಒಂದು ಯೋಚನೆ ಹುಟ್ಟಿತು. ಅದು ಯೋಚನೆಯೋ ಹೇಳದೆ ತಪ್ಪಿಸಿಕೊಳ್ಳಲು ನಾನು ಹೂಡಿಕೊಂಡ ನೆವವೋ, ಇವತ್ತಿಗೂ ತಿಳಿಯದು. ಕೆಳಗೇರಿಯವನೊಬ್ಬ ಕಚೇರಿಗೆ ಹೋಗಿ ಇಗೋ ಬೊಟ್ಟು ಅಂದರೆ ತಿಳಿಯಿತು ಅನ್ನುತ್ತಾರೆ. ಅಕ್ಕನೇ ಕೊಕ್ಕೆ ಎತ್ತಿ ಕೇಳಿದರೆ. ಕಂಬದ ಮೇಲೆ ಕೆತ್ತಿದೆ, ನಿಜ ಹೇಳಲೇಬೇಕು. ಎತ್ತುವವರು ಯಾವ ಕೇರಿಯವರಾಗಿರಬೇಕು ಎಂದು ಕೆತ್ತಿಲ್ಲ, ನಮ್ಮ ಕೈಗೆ ಕೊಕ್ಕೆ ಸಿಕ್ಕೀತೆಂದು ಕೆತ್ತಿದವರು ಕನಸಲ್ಲೂ ಎಣಿಸಿರಲಿಲ್ಲ. ಆದರೆ ಕೊಕ್ಕೆಗೆ ಸೀಸ ಬೇಕು. ಮೊಳೆಮನೆಯ ಚೂರು ಸೀಸವೂ ತೂಕವಾಗಿರುತ್ತದೆ. ತೂಕಕ್ಕೆ ಹತ್ತದ ಸೀಸವೆಂದು ಅಲ್ಲಿದ್ದದ್ದು ನನ್ನ ದವಡೆಯಲ್ಲಿ ಇದ್ದದ್ದೊಂದೇ.

ಶಾಲಾಮಕ್ಕಳ ಕೊಕ್ಕೆಯ ಅಚ್ಚು ಕೈಗೆ ಸಿಗಲು ಎಂಟು ದಿನ ಹಿಡಿಯಿತು. ನಡುವೆ ಬಂದ ಗುರುವಾರ ಅಕ್ಕ ಮತ್ತೆ ಕಟಕಟೆಗೆ ಹೋಗಿ ಬಂದಳು, ಆರನೆಯ ಸಲ. ಬುಧವಾರ ಮಧ್ಯಾಹ್ನ ಮೇಲ್ವಿಚಾರಕ ಊಟಕ್ಕೆ ಹೋದಾಗ ಬೊಟ್ಟನ್ನು ಕಣ್ಣಿಗೊತ್ತಿಕೊಂಡೆ. ಸಣ್ಣ ಮೂಸೆಗೆ ಹಾಕಿದೆ. ಆ ಎರಡು ಹಲ್ಲಿನ ತಗ್ಗು ಒಂದು ಗಳಿಗೆ ನಿಂತವು, ಆಮೇಲೆ ತುಂಬಿಕೊಂಡವು.

ಗುರುವಾರ ಬೆಳಿಗ್ಗೆ ಕೊಕ್ಕೆಯನ್ನು ಅಕ್ಕನ ಅಂಗೈಯಲ್ಲಿ ಇಟ್ಟೆ. ಅವಳು ಬೆಂಕಿ ಮುಟ್ಟಿದವಳಂತೆ ಕೈ ಕೊಡವಿದಳು, ಮತ್ತೆ ಎತ್ತಿಕೊಂಡಳು.

"ಎಲ್ಲಿಂದ ತಂದೆ ರಾಚ?" ಬೆರಳು ಬಾಗಿತ್ತು.

"ಮೊಳೆಮನೆಯಿಂದ" ಎಂದು ಬೊಟ್ಟು ತೋರಿದೆ. ಸುಳ್ಳಲ್ಲ.

ಕಚೇರಿಯ ಹಜಾರ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಮೇಲ್ಪೇಟೆಯವರು, ಮುಂದೆ ನಿಂತುಕೊಂಡು ನಾವು. ಕಿವಿ ಸಾಹೇಬ ಅಕ್ಕನನ್ನು ಕಂಡು ಅವಳು ಬಾಯಿ ತೆರೆಯುವ ಮೊದಲೇ ಬರೆಯತೊಡಗಿದ.

"ನನ್ನ ಮಗ ಎಲ್ಲವ್ನೆ ಬುದ್ಧಿ?"

ಲೇಖನಿ ನಿಂತಿತು. ಅವಳ ಎರಡು ಬೆರಳ ನಡುವೆ ಆ ಪುಟ್ಟ ಕೊಕ್ಕೆ ಹೊಸ ಸೀಸದ ಬಿಳುಪಿನಲ್ಲಿ ಹೊಳೆಯುತ್ತಿತ್ತು. ಜವಾನ ರೂಲುದೊಣ್ಣೆ ಎತ್ತಿಕೊಂಡು ಒಂದು ಹೆಜ್ಜೆ ಬಂದ. ಆಗ ಬೆಂಚಿನಿಂದ ಜವಳಿಯಂಗಡಿಯ ಯಜಮಾನರೊಬ್ಬರು ಎದ್ದು ತಮ್ಮ ಕೊಕ್ಕೆ ಎತ್ತಿದರು. "ಎತ್ತಿದ ಮೇಲೆ ಉತ್ತರ ಕೊಡಲೇಬೇಕಲ್ಲವೆ ಸಾಹೇಬರೆ?" ಆಮೇಲೆ ಬೊಟ್ಟು ತೋರಿ ಹೇಳಿದರು. "ಇವತ್ತು ಇವಳ ಕೊಕ್ಕೆ ನಡೆಯದಿದ್ದರೆ ನಾಳೆ ನಮ್ಮದೂ ನಡೆಯುವುದಿಲ್ಲ." ಅವರಿಗೆ ಅಕ್ಕನ ಮೇಲೆ ಕರುಣೆ ಬಂದಿರಲಿಲ್ಲ. ಕೊಕ್ಕೆಯ ಮಾನದ ಚಿಂತೆ ಅವರದ್ದು.

ಕಿವಿ ಸಾಹೇಬ ಎದ್ದು ಹೋಗಿ ಸತ್ತವರ ಪಟ್ಟಿ ತಂದ. ಹಾಳೆ ತಿರುಗಿಸಿದ. ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದ.

"ಕಾಳಿಂಗ ಅನ್ನುವವನ ಬೊಟ್ಟು ವಾಪಸು ಬಂದಿಲ್ಲ. ಬೊಟ್ಟು ಬಾರದವನು ಸತ್ತವನಲ್ಲ. ಕೇರಿಯಲ್ಲೂ ಇಲ್ಲ ಅಂತ ನೀನೇ ಆರು ವಾರದಿಂದ ತಿಳಿಸುತ್ತಿದ್ದೀಯ. ಆದ್ದರಿಂದ ಅವನು ಊರು ಬಿಟ್ಟು ಹೋಗಿದ್ದಾನೆ. ಬದುಕಿದ್ದಾನೆ." ಬೊಟ್ಟು ತೋರಿದ. "ಉತ್ತರವಾಯಿತು. ಕೊಕ್ಕೆ ಕೆಳಗಿಡು."

ಅಕ್ಕನ ಮುಖ ನಾನು ನೋಡಿದೆ. ಬದುಕಿದ್ದಾನೆ ಅನ್ನುವ ಮಾತು ಅವಳ ಮುಖದಲ್ಲಿ ಹರಡುತ್ತಿತ್ತು. ಒಂಬತ್ತು ದಿನ ಬಾಯಿ ಮುಚ್ಚಿಕೊಂಡಿದ್ದವನು ಅದನ್ನು ನೋಡಬೇಕಾಯಿತು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅವಳು ಕೊಕ್ಕೆ ಕೆಳಗಿಟ್ಟು, ಸಾಯುವ ತನಕ ಎರಡು ಮುದ್ದೆ ಕಟ್ಟುತ್ತಿದ್ದಳು. ಆಗಲೇ ನನಗೆ ಹೊಳೆದದ್ದು. ಅವನು ಸತ್ತ ಎನ್ನುವುದಕ್ಕೆ ಈ ಭೂಮಿಯ ಮೇಲೆ ಇದ್ದ ಒಂದೇ ಒಂದು ಗುರುತನ್ನು ನಾನೇ ಕರಗಿಸಿದ್ದೆ. ಕಾನೂನಿನ ಬಾಗಿಲು ತೆಗೆಯಲು ಕೀಲಿ ಮಾಡಿಕೊಟ್ಟೆನೆಂದುಕೊಂಡಿದ್ದೆ. ಒಳಗೆ ತೋರಿಸಬೇಕಾಗಿದ್ದದ್ದನ್ನೇ ಕರಗಿಸಿ ಕೀಲಿ ಮಾಡಿದ್ದೆ.

"ಬೊಟ್ಟು ಬಂದಿತ್ತು" ಅಂದೆ. ಬಾಲ ತೋರಿದೆ. ಹಜಾರ ಕಾಯಿತು. "ಪುರಸಭೆಯ ಗುಜರಿ ಬುಟ್ಟೀಲಿ ಬಂದಿತ್ತು. ಹಲ್ಲಿನ ಗುರುತಿತ್ತು. ನಮ್ಮಕ್ಕ ಹಿಡ್ಕಂಡಿರೋದೇ ಅದು." ಬೊಟ್ಟು ತೋರಿದೆ.

"ಕರಗಿಸಿದವನು ಯಾರು?" ಕಿವಿ ಸಾಹೇಬ ಸಾವಕಾಶವಾಗಿ ತನ್ನ ಕೊಕ್ಕೆ ಎತ್ತಿದ.

"ನಾನೇ."

"ಹಾಗಾದರೆ ಸಾಕ್ಷಿ ಹಾಳು ಮಾಡಿದವನು ನೀನೇ." ಅದನ್ನೂ ಬರೆದುಕೊಂಡ.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಕೊಕ್ಕೆಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ತಡವಿದಳು, ಹಲ್ಲಿನ ತಗ್ಗಿಗಾಗಿ ಹುಡುಕುತ್ತಿದ್ದಳು ಅಂತ ನನಗೆ ಮಾತ್ರ ಗೊತ್ತು. ಸಿಗಲಿಲ್ಲ. ನಾನು ಅಂಚು ಉಜ್ಜಿ ನುಣ್ಣಗೆ ಮಾಡಿದ್ದೆ.

"ಕಾಳಿಂಗ" ಅಂದಳು.

ಯಾವ ಗುರುತನ್ನೂ ತೋರಲಿಲ್ಲ. ಕರೆದದ್ದೋ ಕೇಳಿದ್ದೋ ಮುಗಿಸಿದ್ದೋ ಯಾರಿಗೂ ತಿಳಿಯಲಿಲ್ಲ. ಗುರುತಿಲ್ಲದ ಮಾತನ್ನು ನಮ್ಮೂರಿನವರು ಯಾರೂ ಕೇಳಿರಲಿಲ್ಲ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು.

ಜವಾನ ಕೊಕ್ಕೆಗೆ ಕೈ ಹಾಕಲು ಬಂದ. ಅಕ್ಕ ಅದನ್ನು ಮತ್ತೆ ಎತ್ತಿ ಹಿಡಿದಳು. "ನನ್ನ ಮಗ ಎಲ್ಲವ್ನೆ ಬುದ್ಧಿ?" ಊರು ಬಿಟ್ಟು ಹೋಗಿದ್ದಾನೆ ಎಂದು ಕಿವಿ ಸಾಹೇಬ ಇನ್ನೊಂದು ಸಲ ಅನ್ನಲಾರದೆ ಹೋದ, ಗುಜರಿ ಬುಟ್ಟಿಯ ಮಾತನ್ನು ಹಜಾರವೆಲ್ಲ ಕೇಳಿಯಾಗಿತ್ತು. ಮೋರಿಯಲ್ಲಿ ಸತ್ತ ಎಂದೂ ಅನ್ನಲಿಲ್ಲ. ಪಟ್ಟಿಯನ್ನು ಮುಚ್ಚಿದ. ಹೊತ್ತು ಮುಳುಗಿತು. ಉತ್ತರ ಬಾರದ ಕೊಕ್ಕೆಯನ್ನು ಕಿತ್ತುಕೊಳ್ಳುವ ಹಾಗಿಲ್ಲ. ಹೀಗೆ ಕೆಳಗೇರಿಯಲ್ಲಿ ಒಂದು ಕೊಕ್ಕೆ ಉಳಿಯಿತು.

ನನ್ನನ್ನು ಮೊಳೆಮನೆಯಿಂದ ತೆಗೆದರು. ಈಗ ಇದ್ದಿಲು ಹೊರುತ್ತೇನೆ.

ಕೇರಿಯ ಹಿರಿಯರು ಬಂದು ಅಕ್ಕನಿಗೆ ಹೇಳಿದರು. ಮೈ ಸಿಗಲಿಲ್ಲ, ಇದನ್ನಾದರೂ ಮಣ್ಣು ಮಾಡೋಣ, ಪಟ್ಟಿ ಹಾಳಾಗಲಿ. ಅಕ್ಕ ಒಪ್ಪಲಿಲ್ಲ. "ಹೂತ್ರೆ ಮುಗೀತದೆ. ಅವ್ರಿಗೆ ಬೇಕಿರೋದೂ ಅದೇಯ." ಅವಳು ಕೊಕ್ಕೆಯನ್ನು ಕರಿದಾರಕ್ಕೆ ಪೋಣಿಸಿಕೊಂಡು ಕೊರಳಿಗೆ ಕಟ್ಟಿಕೊಂಡಳು. ಗುರುವಾರ ಗುರುವಾರ ಮೇಲ್ಪೇಟೆಗೆ ಹೋಗುತ್ತಾಳೆ. ಆ ಮೋರಿಗೆ ನೀರು ಬಿಡುವ ಮನೆಗಳು ನಲವತ್ತೊಂದು. ಒಂದೊಂದರ ಮುಂದೆಯೂ ನಿಂತು ಮಗನ ಹೆಸರು ಹೇಳಿ ಕೊಕ್ಕೆ ಎತ್ತುತ್ತಾಳೆ. ಒಳಗಿನವರು ಬಾಗಿಲು ಹಾಕಿಕೊಂಡು ಹೊತ್ತು ಮುಳುಗುವುದನ್ನು ಕಾಯುತ್ತಾರೆ. ಗುರುವಾರ ಅವರ ಮಕ್ಕಳು ಬೀದಿಯಲ್ಲಿ ಆಡುವುದಿಲ್ಲ. ಅವರ ಬಚ್ಚಲಿನಲ್ಲಿ ನೀರಿನ ಸದ್ದು ಕೂಡ ಕೇಳುವುದಿಲ್ಲವಂತೆ.

ನಾನು ಅವಳ ಮನೆಯ ಕಡೆ ಹೋಗುವುದನ್ನು ಬಿಟ್ಟಿದ್ದೆ. ಮೊನ್ನೆ ಇದ್ದಿಲ ಮೂಟೆ ಇಳಿಸಿ ಬರುವಾಗ ಬಾಗಿಲಲ್ಲಿ ನಿಂತಿದ್ದಳು. ದಾರಿ ಒಂದೇ, ತಪ್ಪಿಸಿಕೊಳ್ಳಲಾಗಲಿಲ್ಲ. ಕೊರಳಿನ ದಾರವನ್ನು ಹಿಡಿದು ಎಳೆದುಕೊಂಡಳು.

"ನಿಂಗೆ ಯಾವತ್ತು ಗೊತ್ತಾಯ್ತು ರಾಚ?"

ಕೊಕ್ಕೆ ಎತ್ತಿ ಕೇಳಿದಳು. ಒಡಹುಟ್ಟಿದವನಿಗೆ ಬೆರಳು ಸಾಕಾಗಿತ್ತು. ಬೆರಳಲ್ಲಿ ಕೇಳಿದ್ದರೆ ಸುಳ್ಳು ಹೇಳಬಹುದಿತ್ತೇನೋ, ಅದು ಅವಳಿಗೂ ಗೊತ್ತಿತ್ತು. ಹೊತ್ತು ಆಲದ ಮರದ ಆಚೆಗೆ ಇಳಿದಿತ್ತು. ನಾನು ಮೂಟೆಯ ಚೀಲವನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

"ಒಂಬತ್ತು ಮುದ್ದೆ ಉಂಡೆ ಅಕ್ಕ" ಅಂದೆ. "ಗೊತ್ತಾದ ಮೇಲೆ." ಬೊಟ್ಟು ತೋರಿದೆ.

ಅವಳು ನನ್ನ ಬೊಟ್ಟನ್ನು ನೋಡಿದಳು. ಬಯ್ದರೆ ಸಾಕು ಅನ್ನಿಸಿತು. ಕೊಕ್ಕೆಯನ್ನು ಸೆರಗಿನ ಒಳಕ್ಕೆ ಬಿಟ್ಟುಕೊಂಡು ಒಳಗೆ ಹೋದಳು. ತಟ್ಟೆಯ ಸದ್ದಾಯಿತು. ಮತ್ತೆ ಬಾಗಿಲಿಗೆ ಬಂದು ನಿಂತಳು.

"ಬಾ" ಅಂದಳು.

ಬಾಲ ತೋರಿದಳು.

ಒಳಗೆ ಹೋಗಿ ಕೂತೆ. ಮುಂದೆ ಒಂದು ಮುದ್ದೆ, ಹಬೆಯಾಡುತ್ತಿತ್ತು. ಅವಳು ಒಲೆಯ ಕಡೆ ಮುಖ ಮಾಡಿ ಕೂತಿದ್ದಳು, ಬಾಲ ಇನ್ನೂ ಅವಳ ಎರಡು ಬೆರಳ ನಡುವೆಯೇ ಇತ್ತು. ಅದರ ಮುಂದಿನ ಮಾತು ಏನು ಎಂದು ಕೇಳಬೇಕೆನ್ನಿಸಿತು. ನನ್ನ ಬೆರಳನ್ನು ಯಾರೂ ಮುರಿದಿರಲಿಲ್ಲ. ಆದರೂ ಅದು ಬಾಗಲಿಲ್ಲ.